1,500 ವ್ಯಾಟಿನ ಮಂಡಕ್ಕಿ ಪಾತ್ರೆ

ಮಗಳಿಗೆ ಗಂಡು ನೋಡುವಾಗ ಹುಡುಗ ಎಷ್ಟು ದುಡಿಯುತ್ತಾನೆ ಎಂದು ವಿಚಾರಿಸುವ ನಾವು, ಮನೆಗೆ ಹಿಟ್ಟು ನಾದುವ ಯಂತ್ರವನ್ನು ನೋಡುವಾಗ ಮಾತ್ರ ಅದು ಎಷ್ಟು ಉಣ್ಣುತ್ತದೆ ಎಂದು ವಿಚಾರಿಸಿ, ಎಲ್ಲಕ್ಕಿಂತ ಹೆಚ್ಚು ಉಣ್ಣುವುದನ್ನೇ ಆರಿಸಿಕೊಂಡು ಬರುತ್ತೇವೆ. ದಾವಣಗೆರೆಯ ಯಾವ ಗೃಹೋಪಯೋಗಿ ವಸ್ತುಗಳ ಅಂಗಡಿಗೆ ಕಾಲಿಟ್ಟರೂ, ಸ್ಟ್ಯಾಂಡ್ ಮಿಕ್ಸರಿನ ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ರಾರಾಜಿಸುವುದು 1,000, 1,200 ಅಥವಾ 1,500 ಎಂಬ ವ್ಯಾಟಿನ ಅಂಕಿ. ಆ ಅಂಕಿ ಯಂತ್ರವು ಗೋಡೆಯ ಪ್ಲಗ್ಗಿನಿಂದ ಎಳೆದುಕೊಳ್ಳುವ ವಿದ್ಯುತ್ತಿನ ಲೆಕ್ಕವೇ ಹೊರತು ನಾದುವ ಕೊಕ್ಕೆಯ ತುದಿಯಲ್ಲಿ ಕಣಕಕ್ಕೆ ದಕ್ಕುವ ಬಲದ ಲೆಕ್ಕವಲ್ಲ. ನಡುದಾರಿಯಲ್ಲಿ ಎಷ್ಟು ಶಾಖವಾಗಿ, ಎಷ್ಟು ಸದ್ದಾಗಿ ಸೋರಿಹೋಯಿತೆಂಬುದನ್ನು ಪೆಟ್ಟಿಗೆ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲೇ ಸ್ಥಾನ ಪಡೆದ ಊರಿನವರಾದ ನಮಗೆ, ಎಷ್ಟು ಕೋಟಿ ಖರ್ಚಾಯಿತು ಎಂಬುದನ್ನು ಎಷ್ಟು ಕೆಲಸವಾಯಿತು ಎಂದು ಓದಿಕೊಳ್ಳುವ ಅಭ್ಯಾಸ ಮೊದಲೇ ಇದ್ದುದರಿಂದ, ವ್ಯಾಟಿನ ವಿಷಯದಲ್ಲಿ ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ.

ನಾನು ಬ್ರೆಡ್ ಮಾಡಲು ತೊಡಗಿದ್ದು 2020ರ ಲಾಕ್‌ಡೌನಿನಲ್ಲಿ, ಬೇರೆ ಕಸುಬಿಲ್ಲದ ಅನೇಕರಂತೆ. ಬೆಣ್ಣೆ ದೋಸೆಯ ಊರಿನಲ್ಲಿ ಇದೇನೂ ಗೌರವದ ಹವ್ಯಾಸವಲ್ಲ. ಒಲೆಯಿಂದ ಬ್ರೆಡ್ಡಿನ ಪರಿಮಳ ಎದ್ದಾಗಲೆಲ್ಲ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ, "ಯಾರಿಗೆ ಜ್ವರಾನಪ್ಪಾ?" ಎಂದು ಕಳವಳದಿಂದ ಕೇಳುತ್ತಿದ್ದರು. ವಾರಕ್ಕೆ ಮೂರು ಸಲ, ಸಲಕ್ಕೆ ಒಂದು ಕಿಲೋ ಹಿಟ್ಟಿಗೆ 650 ಮಿಲಿಲೀಟರ್ ನೀರು ಬೆರೆಸಿ, ಮೂರು ವರ್ಷ ಬರಿಗೈಯಲ್ಲಿ ನಾದಿದ ಮೇಲೆ ಬಲಗೈಯ ಮಣಿಕಟ್ಟು ಮುಷ್ಕರ ಹೂಡಿತು. ಯಂತ್ರವೊಂದನ್ನು ಕೊಳ್ಳುವುದೆಂದು ಮನೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು.

ಅಂಗಡಿಯ ಹುಡುಗ ಬಹಳ ವಿನಯವಂತ. ಇದರಲ್ಲಿ ಒಂದೇ ಸಲಕ್ಕೆ ಎಷ್ಟು ಕಿಲೋ ಹಿಟ್ಟು ನಾದಬಹುದೆಂದು ನಾನು ಕೇಳಿದಾಗ ಆತ, "6.5 ಲೀಟರ್ ಬೌಲ್ ಸಾರ್" ಎಂದ. ಲೀಟರ್ ಎಂಬುದು ಪಾತ್ರೆಯ ಅಂಚಿನವರೆಗೆ ನೀರು ತುಂಬಿದಾಗಿನ ಅಳತೆ. ಗಟ್ಟಿ ಕಣಕಕ್ಕೂ ಅದಕ್ಕೂ ಇರುವ ಸಂಬಂಧ ಕಲ್ಯಾಣಮಂಟಪದ ವಿಸ್ತೀರ್ಣಕ್ಕೂ ಅಡುಗೆಯವನ ಕೈರುಚಿಗೂ ಇರುವಷ್ಟೇ. ಒಳಗಿನ ಗೇರುಗಳು ಲೋಹದವೋ ನೈಲಾನಿನವೋ ಎಂದು ಕೇಳಿದೆ. "ಮೂರು ಕಲರ್ ಬರ್ತಾವೆ ಸಾರ್, ಕೆಂಪು ಜಾಸ್ತಿ ಹೋಗುತ್ತೆ" ಎಂದ. ಕೆಳಗಿನ ವೇಗದಲ್ಲಿ ಹತ್ತು ನಿಮಿಷ ಎಡೆಬಿಡದೆ ಓಡುತ್ತದೆಯೇ ಎಂಬ ಪ್ರಶ್ನೆಗೆ ಆತ ಮರುಮಾತಾಡದೆ ಪೆಟ್ಟಿಗೆಯನ್ನು ನನ್ನ ಕಡೆಗೆ ತಿರುಗಿಸಿ, 1,500 ಎಂಬ ಅಂಕಿಯ ಕೆಳಗೆ ಬೆರಳಿಟ್ಟು ತೋರಿಸಿದ. ಅಷ್ಟು ದೊಡ್ಡ ಸಂಖ್ಯೆಯ ಎದುರು ಇನ್ನೂ ಪ್ರಶ್ನೆ ಕೇಳುತ್ತ ನಿಲ್ಲುವುದು ಒರಟುತನವಾಗುತ್ತದೆಂದು ನನಗೂ ಅನ್ನಿಸಿತು.

ವಿಮರ್ಶೆಗಳನ್ನು ಓದದೆ ಕೊಂಡೆನೆಂದು ಯಾರೂ ಭಾವಿಸಬಾರದು. ಬಾಳಿಕೆ ಎಂಬುದು ವರ್ಷಗಳಲ್ಲಿ ಅಳೆಯುವ ಗುಣವೆಂದು ನಾನು ತಿಳಿದಿದ್ದೆ. ಈಗ ಅದನ್ನು ಯಂತ್ರ ಮನೆ ತಲುಪಿದ ದಿನವೇ ಅಳೆದು ಮುಗಿಸುತ್ತಾರೆ. "ನಿನ್ನೆ ಬಂತು, ಇನ್ನೂ ಪೆಟ್ಟಿಗೆ ತೆರೆದಿಲ್ಲ, ಪ್ಯಾಕಿಂಗ್ ಭದ್ರವಾಗಿದೆ" ಎಂದು ಬರೆದವರು ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದರು. ವಿಡಿಯೊಗಳಲ್ಲಿ ಇನ್ನಷ್ಟು ಶ್ರದ್ಧೆಯಿತ್ತು: ಪೆಟ್ಟಿಗೆಯನ್ನು ಕತ್ತರಿಸುವುದಕ್ಕೆ ಆರು ನಿಮಿಷ, ಬಿಡಿಭಾಗಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸುವುದಕ್ಕೆ ನಾಲ್ಕು ನಿಮಿಷ, ಆಮೇಲೆ ಒಂದಿಷ್ಟು ಕ್ರೀಮನ್ನು ನೊರೆಯೆಬ್ಬಿಸಿ, ಜೀವನಪೂರ್ತಿ ಬಾಳುವ ಯಂತ್ರವಿದು ಎಂಬ ಘೋಷಣೆ. ಕ್ರೀಮಿನ ನೊರೆ ಎಬ್ಬಿಸಲು ಎಡಗೈಯ ಕಡೆಗೋಲು ಸಾಕು. ಅದನ್ನು ನೋಡಿ ಯಂತ್ರದ ಕಸುವನ್ನು ನಿರ್ಣಯಿಸುವುದು, ಕೊರಳಿಗೆ ಹಾಕಿದ ಹೂಮಾಲೆಯನ್ನು ಎತ್ತು ಸಲೀಸಾಗಿ ಹೊತ್ತಿತು, ಆದ್ದರಿಂದ ಎರೆಹೊಲವನ್ನೂ ಉಳುತ್ತದೆ ಎಂದು ಸಂತೆಯಲ್ಲಿ ವ್ಯಾಪಾರ ಕುದುರಿಸಿದಂತೆ. ನಾನು ನೋಡಿದ ಹನ್ನೊಂದು ವಿಡಿಯೊಗಳಲ್ಲಿ ಒಬ್ಬರೂ ಒಂದು ಕಿಲೋ ಹಿಟ್ಟನ್ನು ನಾದಿ ತೋರಿಸಲಿಲ್ಲ. ಹನ್ನೊಂದನ್ನೂ ನೋಡಿ, ನಾನು ಕೆಂಪು ಬಣ್ಣದ್ದನ್ನೇ ತಂದೆ.

ಯಂತ್ರದ ಅಡಿಯಲ್ಲಿ ಒಂದು ಪುಟ್ಟ ಲೋಹದ ಪಟ್ಟಿಯಿತ್ತು. ಬೋರಲು ಹಾಕಿ, ಭೂತಗನ್ನಡಿ ಹಿಡಿದು ಓದಿದಾಗ, ಸತತವಾಗಿ 5 ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು, ಅನಂತರ 20 ನಿಮಿಷ ತಣಿಯಲು ಬಿಡಬೇಕು ಎಂದಿತ್ತು. ಬ್ರೆಡ್ಡಿನ ಕಣಕ ಯಂತ್ರದಲ್ಲಿ ಹದಕ್ಕೆ ಬರಲು ಹತ್ತು ಹನ್ನೆರಡು ನಿಮಿಷ ಬೇಕು. ಐದು ನಿಮಿಷ ಕೆಲಸ, ಇಪ್ಪತ್ತು ವಿಶ್ರಾಂತಿ, ಮತ್ತೆ ಐದು, ಮತ್ತೆ ಇಪ್ಪತ್ತು, ಕೊನೆಗೆ ಎರಡು, ಒಟ್ಟು 52 ನಿಮಿಷ. ಕೈಯಲ್ಲಿ ನಾದುತ್ತಿದ್ದಾಗ ಇಪ್ಪತ್ತಕ್ಕೆ ಮುಗಿಯುತ್ತಿತ್ತು. ಆದರೆ ಇದರಲ್ಲಿ ಒಂದು ಸ್ವಾರಸ್ಯವಿದೆ. ನೀರು ಬೆರೆಸಿದ ಹಿಟ್ಟನ್ನು ಅರ್ಧ ಗಂಟೆ ಮುಟ್ಟದೆ ಬಿಟ್ಟರೆ ಅದರೊಳಗಿನ ಗ್ಲುಟೆನ್ ಎಂಬ ಜಿಗುಟು ಅಂಶ ತನ್ನಷ್ಟಕ್ಕೆ ತಾನೇ ಎಳೆಗಟ್ಟುತ್ತದೆ. ಬಲ್ಲ ಬೇಕರಿಯವರು ಬೇಕೆಂದೇ ಹಾಗೆ ಬಿಡುತ್ತಾರೆ. ಅಂದರೆ ಯಂತ್ರ ಮಲಗಿದ್ದ ನಲವತ್ತು ನಿಮಿಷದಲ್ಲಿ ಹಿಟ್ಟು ತಾನೇ ತನ್ನನ್ನು ನಾದಿಕೊಳ್ಳುತ್ತಿತ್ತು, ಎಚ್ಚರವಾದ ಯಂತ್ರ ಎರಡು ಸುತ್ತು ಹಾಕಿ ಹೆಸರು ಪಡೆಯುತ್ತಿತ್ತು. ಮೊದಲ ತಿಂಗಳು ಮನೆಗೆ ಬಂದವರೆಲ್ಲರ ಎದುರು ಆ ಯಂತ್ರವನ್ನು ನಾನೂ ಹೊಗಳಿದ್ದೇನೆ.

ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಈ ಊರಿನ ಹತ್ತಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ನನ್ನ ಹೊಗಳಿಕೆ ಕೇಳಿಸಿಕೊಂಡವರಲ್ಲಿ ಬೆರಗಾಗದೆ ಉಳಿದವರು ಅವರೊಬ್ಬರೇ. ನಾದುತ್ತಿದ್ದ ಯಂತ್ರದ ನೆತ್ತಿಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರಂತೆ ಒಂದು ಕ್ಷಣ ಸುಮ್ಮನಿದ್ದು, "ಮೇಷ್ಟ್ರೇ, ನಿಮ್ಮ ಮನಿ ಗ್ರೈಂಡರಿನ ಮೋಟಾರ್ ಎಷ್ಟು ವ್ಯಾಟಿಂದು ನೋಡೀರೇನು?" ಎಂದು ಕೇಳಿದರು. ನೋಡಿರಲಿಲ್ಲ. ಹೋಗಿ ನೋಡಿದರೆ 150. ಹತ್ತೊಂಬತ್ತು ವರ್ಷಗಳಿಂದ ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ದೋಸೆಹಿಟ್ಟನ್ನು ಮುಕ್ಕಾಲು ಗಂಟೆ ಎಡೆಬಿಡದೆ ರುಬ್ಬುತ್ತಿರುವ, ಕಲ್ಲಿನ ಗುಂಡನ್ನೇ ಉರುಳಿಸುವ ಆ ಯಂತ್ರ ನನ್ನ ಕೆಂಪು ಯಂತ್ರದ ಹತ್ತನೆಯ ಒಂದು ಪಾಲು ಮಾತ್ರ ಉಣ್ಣುತ್ತಿತ್ತು. "ಅದು ಕಡಿಮಿ ಉಂಡು ನಿಧಾನ ತಿರುಗ್ತೈತಿ. ಇದು ಹೊಟ್ಟಿ ತುಂಬ ಉಂಡು ಚೀರ್ತೈತಿ, ಅಷ್ಟೇರಿ ವ್ಯತ್ಯಾಸ" ಎಂದು ಅವರು ಚಹಾ ಮುಗಿಸಿ ಎದ್ದರು.

ಅವರು ಎದ್ದುಹೋದ ಮೇಲೆ ನಾನು ಕೂತು ಓದಿ ತಿಳಿದದ್ದಿಷ್ಟು. ಗ್ರೈಂಡರಿನದು ಭಾರವಾದ, ಸಾವಧಾನದ ಇಂಡಕ್ಷನ್ ಮೋಟಾರು. ನನ್ನ ಮಿಕ್ಸರಿನದು ನಿಮಿಷಕ್ಕೆ ಹತ್ತು ಸಾವಿರ ಸುತ್ತನ್ನೂ ಮೀರಿ ತಿರುಗುವ ಹಗುರ ಮೋಟಾರು. ಆ ವೇಗವನ್ನು ನೂರು ಚಿಲ್ಲರೆ ಸುತ್ತಿಗೆ ಇಳಿಸಿ ಬಲವನ್ನಾಗಿ ಮಾರ್ಪಡಿಸುವ ಹೊಣೆಯೆಲ್ಲ ನಡುವಿನ ಹಲ್ಲುಚಕ್ರಗಳ ಮೇಲೆ ಬೀಳುತ್ತದೆ. ಹಿಟ್ಟು ನಾದಬೇಕಾದದ್ದು ಅತಿ ಕಡಿಮೆ ವೇಗದಲ್ಲಿ. ಮೋಟಾರನ್ನು ತಣಿಸುವ ಫ್ಯಾನು ಅದರ ದಂಡಕ್ಕೇ ಕಟ್ಟಿಕೊಂಡಿರುವುದರಿಂದ ವೇಗ ಇಳಿದಾಗ ಗಾಳಿಯೂ ಇಳಿಯುತ್ತದೆ, ಹೀಗಾಗಿ ಹೊರೆ ಅತಿ ಹೆಚ್ಚಾದ ಹೊತ್ತಿಗೇ ಯಂತ್ರಕ್ಕೆ ಬೀಸಣಿಗೆ ತಪ್ಪುತ್ತದೆ. ಅಮೆರಿಕದ ಹೋಬಾರ್ಟ್ ಕಂಪನಿಯ ಎಂಜಿನಿಯರ್ ಹರ್ಬರ್ಟ್ ಜಾನ್‌ಸ್ಟನ್ 1908ರಲ್ಲಿ, ಬೇಕರಿಯವನೊಬ್ಬ ಲೋಹದ ಸೌಟಿನಿಂದ ಹಿಟ್ಟು ಕಲಸುತ್ತ ಒದ್ದಾಡುವುದನ್ನು ಕಂಡು ಈ ಬಗೆಯ ಯಂತ್ರವನ್ನು ಯೋಚಿಸಿದನಂತೆ. ಅದು ಕಿಚನ್‌ಏಡ್ ಎಂಬ ಹೆಸರಿನಲ್ಲಿ 1919ರಲ್ಲಿ ಮನೆಬಳಕೆಗೆ ಬಂದಾಗ ಸುಮಾರು 30 ಕಿಲೋ ತೂಗುತ್ತಿತ್ತು. ನನ್ನದು 5 ಕಿಲೋ. ಒಂದು ಶತಮಾನದಲ್ಲಿ ಯಂತ್ರ ಇಳಿಸಿಕೊಂಡ ತೂಕವನ್ನೆಲ್ಲ ಪೆಟ್ಟಿಗೆಯ ಮೇಲಿನ ಅಂಕಿ ಏರಿಸಿಕೊಂಡಿದೆ. ಗಟ್ಟಿ ಕಣಕ ಹಾಕಿದೊಡನೆ ಅದು ಗ್ರಾನೈಟ್ ಕಟ್ಟೆಯ ಮೇಲೆ ಪ್ರದಕ್ಷಿಣೆ ಹೊರಡುತ್ತಿತ್ತು. ನಾನು ಎರಡೂ ಕೈಯಿಂದ ಅಪ್ಪಿ ಹಿಡಿದುಕೊಳ್ಳಬೇಕಾಗುತ್ತಿತ್ತು, ಮಣಿಕಟ್ಟಿಗೆ ವಿಶ್ರಾಂತಿ ಕೊಡಲೆಂದು ಕೊಂಡ ಯಂತ್ರವನ್ನು. ಸ್ವೀಡನ್ನಿನಲ್ಲಿ 1940ರಿಂದಲೂ ತಯಾರಾಗುತ್ತಿರುವ ಆಂಕರ್ಸ್‌ರುಮ್ ಎಂಬ ಯಂತ್ರದಲ್ಲಿ ಕೊಕ್ಕೆಯ ಬದಲು ಪಾತ್ರೆಯೇ ತಿರುಗುತ್ತದೆಂದೂ, ಬ್ರೆಡ್ ಸುಡುವವರು ಅದನ್ನು ಬಹಳ ಮೆಚ್ಚುತ್ತಾರೆಂದೂ ತಿಳಿಯಿತು. ಚಿತ್ರ ನೋಡಿದಾಗ ಅದು ನಮ್ಮ ಗ್ರೈಂಡರಿಗೆ ದೂರದ ನೆಂಟನಂತೆ ಕಂಡಿತು.

ಏಳನೆಯ ತಿಂಗಳಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಯಂತ್ರದೊಳಗಿಂದ ಕಡಲೆ ಹುರಿದಂಥ ಸದ್ದು ಬಂದು ಕೊಕ್ಕೆ ನಿಂತಿತು. ಕೆಲವು ಒಳ್ಳೆಯ ಮಿಕ್ಸರುಗಳಲ್ಲಿ ಹೊರೆ ಮಿತಿಮೀರಿದಾಗ ಮುರಿಯಲೆಂದೇ ಒಂದು ಮೆದು ಹಲ್ಲುಚಕ್ರವನ್ನು ಇಟ್ಟಿರುತ್ತಾರೆ; ಅದು ತಾನು ಮುರಿದು ಮೋಟಾರನ್ನೂ ಉಳಿದ ಚಕ್ರಗಳನ್ನೂ ಕಾಯುತ್ತದೆ, ಹೊಸದೊಂದನ್ನು ಹಾಕಿದರೆ ಯಂತ್ರ ಮತ್ತೆ ನಡೆಯುತ್ತದೆ. ನನ್ನ ಯಂತ್ರದಲ್ಲಿ ಆ ತ್ಯಾಗವನ್ನು ಎಲ್ಲ ಚಕ್ರಗಳೂ ಒಗ್ಗಟ್ಟಾಗಿ ಮಾಡಿದ್ದವು. ವಾರಂಟಿ ಪತ್ರದಲ್ಲಿ ಯಂತ್ರಕ್ಕೆ ಒಂದು ವರ್ಷ, ಮೋಟಾರಿಗೆ ಐದು ವರ್ಷ ಎಂದಿತ್ತು. ಕಂಪನಿಯ ಹುಡುಗಿ ಫೋನಿನಲ್ಲಿ ತುಂಬ ಸಹಾನುಭೂತಿಯಿಂದ, ಮೋಟಾರ್ ತಿರುಗುತ್ತಿದೆಯೇ ಎಂದು ಕೇಳಿದಳು. ತಿರುಗುತ್ತಿದೆ, ಹಿಟ್ಟು ಮಾತ್ರ ತಿರುಗುತ್ತಿಲ್ಲ ಎಂದೆ. "ಹಾಗಾದ್ರೆ ಮೋಟಾರ್ ಕಂಡಿಷನ್ ಚೆನ್ನಾಗಿದೆ ಸರ್" ಎಂದು ಅಭಿನಂದಿಸಿದಳು. ಗೇರುಗಳು ಸವೆಯುವ ಭಾಗಗಳಾದ್ದರಿಂದ ಅವು ಒಂದು ವರ್ಷದ ಲೆಕ್ಕಕ್ಕೂ ಬರುವುದಿಲ್ಲ, ಐದು ವರ್ಷದ ಲೆಕ್ಕಕ್ಕೂ ಬರುವುದಿಲ್ಲವಂತೆ. ಕೊನೆಯಲ್ಲಿ, ವಾರಕ್ಕೆ ಎಷ್ಟು ಸಲ ಬಳಸುತ್ತೀರಿ ಎಂದಳು. ಮೂರು ಸಲವೆಂದು ನಿಜ ಹೇಳಿದೆ. "ಅದು ಕಮರ್ಷಿಯಲ್ ಯೂಸ್ ಆಗುತ್ತೆ ಸರ್, ಇದು ಮನೆ ಬಳಕೆಗೆ ಮಾತ್ರ." ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಮಾತ್ರ ಎಂದು ಬರೆದಿದ್ದರೆ ನಾನೂ ಎಚ್ಚರ ವಹಿಸುತ್ತಿದ್ದೆ. ಸ್ವಿಚ್ ಹಾಕಿದರೆ ಅದು ಈಗಲೂ ಎಂದಿನಂತೆ ಚೀರುತ್ತ ವಿದ್ಯುತ್ತನ್ನು ಉಣ್ಣುತ್ತಿತ್ತು, ಆ ವಿಷಯದಲ್ಲಿ ಪೆಟ್ಟಿಗೆ ಆಡಿದ ಮಾತಿಗೆ ತಪ್ಪಿರಲಿಲ್ಲ.

ಗುಜರಿಯವನು ತಳ್ಳುಗಾಡಿ ನಿಲ್ಲಿಸಿ, ವ್ಯಾಟು ಕೇಳದೆ, ಬಣ್ಣ ನೋಡದೆ, ಒಂದೇ ಕೈಯಲ್ಲಿ ಯಂತ್ರವನ್ನು ಎತ್ತಿ ತೂಗಿದ. ಜೇಬಿನಿಂದ ಅಯಸ್ಕಾಂತ ತೆಗೆದು ಅಲ್ಲಲ್ಲಿ ಮುಟ್ಟಿಸಿದ. ಅದು ಎಲ್ಲಿಯೂ ಕಚ್ಚಲಿಲ್ಲ. ತಳದ ಮುಚ್ಚಳ ಬಿಚ್ಚಿ ಮೋಟಾರಿನ ತಂತಿಯನ್ನು ಉಗುರಿನಿಂದ ಕೆರೆದು, "ತಾಮ್ರ ಅಲ್ಲ ಸಾರ್, ಅಲ್ಯೂಮಿನಿಯಂ. ಮಿಕ್ಕಿದ್ದು ಬರೀ ಪ್ಲಾಸ್ಟಿಕ್" ಎಂದ. ನಾನು ಆರು ವಾರ ಓದಿ, ಹನ್ನೊಂದು ವಿಡಿಯೊ ನೋಡಿ ತಿಳಿಯಲಾಗದ್ದನ್ನು ಆತ ಒಂದು ನಿಮಿಷದೊಳಗೆ ಹೇಳಿ, 60 ರೂಪಾಯಿ ಕೈಗಿಟ್ಟು, ಹೊರಡುವಾಗ ಸ್ಟೀಲ್ ಬೌಲನ್ನು ಮರಳಿಸಿ, "ಇದನ್ನ ಇಟ್ಕೊಳ್ರಿ ಸಾರ್, ಇದೊಂದು ಗಟ್ಟಿ ಐತಿ" ಎಂದ.

ಗ್ರೈಂಡರಿನ ಜೊತೆ ಹತ್ತೊಂಬತ್ತು ವರ್ಷದ ಹಿಂದೆ ಉಚಿತವಾಗಿ ಬಂದು ಅಟ್ಟ ಸೇರಿದ್ದ ಹಿಟ್ಟು ಕಲಸುವ ಬಿಡಿಭಾಗವನ್ನು ನಮ್ಮ ಮನೆಯಾಕೆ ಹುಡುಕಿ ತೆಗೆದಿದ್ದಾಳೆ. ಅರ್ಧ ಕಿಲೋದಂತೆ ಎರಡು ಸಲ ಹಾಕಿದರೆ ಕಣಕ ಚೆನ್ನಾಗಿಯೇ ಬರುತ್ತಿದೆ, ಪಕ್ಕದ ಮನೆಯ ಅಜ್ಜಿ ಈಗಲೂ ಜ್ವರ ವಿಚಾರಿಸುತ್ತಾರೆ. ಬೌಲಿನಲ್ಲಿ ಸಂಜೆ ಹೊತ್ತು ಒಗ್ಗರಣೆ ಮಂಡಕ್ಕಿ ಕಲಸುತ್ತೇವೆ. ನೆಂಟರು ನಾಲ್ಕು ಜನ ಬಂದರೂ ಅಂಚಿನಿಂದ ಒಂದು ಕಾಳು ಆಚೆ ಚೆಲ್ಲುವುದಿಲ್ಲ, 6.5 ಲೀಟರ್ ಎಂದು ಅಂಗಡಿಯ ಹುಡುಗ ಹೇಳಿದ್ದು ಸುಳ್ಳಲ್ಲ.