ಆ ಸೊಂಟ ನೋವು ಯಾಕೆ ಅಂತ ಮೊದಲೇ ಹೇಳಬಹುದಿತ್ತು

ಕಿಮೋ ಮುಗಿದ ಮಾರನೇ ದಿನದಿಂದ ಅಮ್ಮನಿಗೆ ದಿನಕ್ಕೊಂದು ಇಂಜೆಕ್ಷನ್. ಮಂಗಳೂರಿನ ಮೆಡಿಕಲ್‌ನಲ್ಲಿ ತಗೊಂಡು, ಐಸಿಗೆ ತಾಗದ ಹಾಗೆ ಬಟ್ಟೆ ಸುತ್ತಿ, ಫ್ಲಾಸ್ಕಿನಲ್ಲಿಟ್ಟು ಬಸ್ಸಿನಲ್ಲಿ ಕಟಪಾಡಿಗೆ ತರುತ್ತಿದ್ದೆ. ಮೂರನೇ ರಾತ್ರಿ ಅಮ್ಮ ಸೊಂಟ ಹಿಡಿದುಕೊಂಡು ಅತ್ತರು. "ಮಗಾ, ರೋಗ ಮೂಳೆಗೂ ಬಂತಾ?" ಎಂದು ಕೇಳಿದರು. ನನಗೆ ಮಾತೇ ಬರಲಿಲ್ಲ.

ಬೆಳಿಗ್ಗೆ ಫೋನ್ ಮಾಡಿದಾಗ ಡಾಕ್ಟರ್ ಒಂದೇ ನಿಮಿಷದಲ್ಲಿ ಹೇಳಿದರು. ಅದು ಜಿ-ಸಿಎಸ್‌ಎಫ್ ಇಂಜೆಕ್ಷನ್, ಕಿಮೋದಿಂದ ಇಳಿಯುವ ಬಿಳಿ ರಕ್ತಕಣ ಏರಿಸಲಿಕ್ಕೆ. ಮೂಳೆಯೊಳಗಿನ ಮಜ್ಜೆ ಜೋರಾಗಿ ಬಿಳಿ ರಕ್ತಕಣ ತಯಾರಿಸುವಾಗ ಇಂಥ ನೋವು ಬರುವುದು ಸಾಮಾನ್ಯ.

ಆಮೇಲೆ ಓದುತ್ತಾ ಹೋದೆ. ಸೋಂಕಿನ ಜೊತೆ ಮೊದಲು ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಆಯಸ್ಸು ತುಂಬಾ ಕಡಿಮೆ. ಬದುಕು ಎಂದು ಯಾರಾದರೂ ಹೇಳುತ್ತಾ ಇರದಿದ್ದರೆ ಅವು ತಾವಾಗಿಯೇ ಸಾಯುತ್ತವೆ. ಜಿ-ಸಿಎಸ್‌ಎಫ್ ಆ ಮಾತನ್ನು ಹೇಳುತ್ತದೆ, ಹೊಸ ಕಣಗಳನ್ನೂ ಹುಟ್ಟಿಸುತ್ತದೆ. ಆಸ್ಟ್ರೇಲಿಯಾದ ಡೊನಾಲ್ಡ್ ಮೆಟ್ಕಾಫ್ 1960ರ ದಶಕದಿಂದ ಇಂಥ ಅಂಶಗಳ ಹಿಂದೆ ಬಿದ್ದಿದ್ದರು. 1991ರಲ್ಲಿ ಅಮೆರಿಕದಲ್ಲಿ ಇದು ಔಷಧಿಯಾಗಿ ಬಂತು. ಟಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಿಗೆ ಹೀಗೆ ಬದುಕು ಎಂದು ಹೇಳಲು ಐಎಲ್-7 ಅಂತ ಬೇರೆಯೇ ಒಂದಿದೆ, ಅದಿಲ್ಲದೆ ಅವು ಉಳಿಯುವುದು ಕಷ್ಟ.

ನನಗೆ ಜಾಸ್ತಿ ಆಶ್ಚರ್ಯ ಆದದ್ದು ಸ್ಟೀರಾಯ್ಡ್ ವಿಷಯದಲ್ಲಿ. ವಾಂತಿ ಬಾರದಿರಲಿ ಅಂತ ಅಮ್ಮನಿಗೆ ಡೆಕ್ಸಾಮೆಥಾಸೋನ್ ಕೂಡ ಕೊಟ್ಟಿದ್ದರು. ನಮ್ಮ ದೇಹದ್ದೇ ಕಾರ್ಟಿಸಾಲ್ ಹಾರ್ಮೋನಿನ ಜಾತಿಯದು. ಲಿಂಫೋಸೈಟ್‌ಗಳನ್ನು (ಟಿ ಕೋಶಗಳು ಸೇರುವ ಗುಂಪು) ಇದು ಸಾಯಿಸುತ್ತದೆ, ನ್ಯೂಟ್ರೋಫಿಲ್‌ಗಳ ಸಾವನ್ನು ಮಾತ್ರ ಮುಂದಕ್ಕೆ ಹಾಕುತ್ತದೆ. ಅದೇ ಔಷಧಿ, ಒಂದು ಕೋಶಕ್ಕೆ ಒಂದು ಮಾತು, ಇನ್ನೊಂದಕ್ಕೆ ಇನ್ನೊಂದು! ಹಾಗಾಗಿ ಸ್ಟೀರಾಯ್ಡ್ ತಗೊಂಡವರ ರಿಪೋರ್ಟಿನಲ್ಲಿ ಬಿಳಿ ರಕ್ತಕಣ ಏರಿದರೆ ಅದು ಸೋಂಕೇ ಆಗಬೇಕೆಂದಿಲ್ಲ. ಶಕ್ತಿ ಬಂತು ಅಂತಲೂ ಅಲ್ಲ. ಮಂಡಿ ನೋವಿಗೆ, ದಮ್ಮಿಗೆ ಅಂತ ಚೀಟಿ ಇಲ್ಲದೆ ಈ ಮಾತ್ರೆ ನುಂಗುವವರು ನಮ್ಮ ಊರಿನಲ್ಲೂ ಇದ್ದಾರೆ. ದಯವಿಟ್ಟು ಬೇಡ. ತುಂಬಾ ದಿನ ತಗೊಂಡಿದ್ದರೆ ಸಡನ್ನಾಗಿ ನಿಲ್ಲಿಸುವುದೂ ಅಪಾಯ, ಡಾಕ್ಟರನ್ನು ಕೇಳಿಯೇ ಕಮ್ಮಿ ಮಾಡಬೇಕು.

ವಾರ್ಡಿನಲ್ಲಿ ಎಷ್ಟು ರಶ್ ಅಂತ ನಾನೇ ನೋಡಿದ್ದೇನೆ. ಆದರೂ ಇಂಜೆಕ್ಷನ್ ಬರೆದುಕೊಡುವಾಗ "ಮೂಳೆ ನೋಯಬಹುದು, ಹೆದರಬೇಡಿ. ಜ್ವರ ಬಂದರೆ ಮಾತ್ರ ರಾತ್ರಿಯಾದರೂ ಕೂಡಲೇ ಬನ್ನಿ" ಎಂದು ಹೇಳಲೇಬೇಕು, ಅಲ್ವಾ? ಅಮ್ಮನಂಥವರಿಗೆ ಅದೂ ಔಷಧಿಯೇ.

ಎರಡನೇ ಸಲ ಅದೇ ನೋವು ಬಂತು. ಅಮ್ಮ ಬಿಸಿನೀರಿನ ಚೀಲ ಸೊಂಟಕ್ಕಿಟ್ಟುಕೊಂಡು, "ಒಳಗೆ ಕೆಲಸ ನಡೀತಾ ಉಂಟು" ಎಂದರು. ಆ ರಾತ್ರಿ ಕುಚ್ಚಲಕ್ಕಿ ಗಂಜಿ ಪೂರ್ತಿ ಕುಡಿದರು.