ಸುಮ್ನೆ ಕಾಯ್ತಾ ಕೂತಿರಲಿಲ್ಲ ಸ್ವಾಮಿ

ಬೆಳಿಗ್ಗೆ ಕಾಫಿ ಜೊತೆ ಫೋನ್ ತೆಗೆದರೆ ಮತ್ತೆ ಅದೇ ರೀಲ್. ಬ್ರಿಟಿಷ್ ನಟ ಅಲನ್ ರಿಕ್ಮನ್ ಫೋಟೋ, ಹಿಂದೆ ಪಿಟೀಲು, ಮೇಲೆ ದಪ್ಪಕ್ಷರ: ‘42ರವರೆಗೆ ಈತ ಯಾರಿಗೂ ಗೊತ್ತಿರಲಿಲ್ಲ. ನೀವೂ ಕಾಯಿರಿ, ಟೈಮ್ ಬರುತ್ತೆ.’ ಫ್ಯಾಮಿಲಿ ಗ್ರೂಪ್‌ನಲ್ಲಿ ಚಿಕ್ಕಪ್ಪ ಅದಕ್ಕೆ ಕೈ ಬೇರೆ ಮುಗಿದಿದ್ದಾರೆ.

ಯಾರಿಗೂ ಗೊತ್ತಿರಲಿಲ್ವಂತೆ! 1988ರ ಹಾಲಿವುಡ್ ಚಿತ್ರ ‘ಡೈ ಹಾರ್ಡ್’ ಆತನ ಮೊದಲ ಸಿನಿಮಾ, ಒಪ್ಪಿದೆ. ಆದರೆ ಅದೇನು ಆಕಾಶದಿಂದ ಉದುರಿತಾ? ಗೆಳೆಯರ ಜೊತೆ ಗ್ರಾಫಿಕ್ ಡಿಸೈನ್ ಸ್ಟುಡಿಯೋ ನಡೆಸುತ್ತಿದ್ದವನು, 26ಕ್ಕೆ ಅದನ್ನು ಬಿಟ್ಟು ಲಂಡನ್ನಿನ ರಾಡಾ ನಾಟಕಶಾಲೆ ಸೇರಿದ. ಖರ್ಚಿಗೆ ನೈಜೆಲ್ ಹಾಥಾರ್ನ್, ರಾಲ್ಫ್ ರಿಚರ್ಡ್‌ಸನ್ ಅವರಂಥ ನಟರಿಗೆ ಬಟ್ಟೆ ತೊಡಿಸುವ ಕೆಲಸ ಮಾಡಿದ. (ಸೈಡ್ ವಿಂಗ್‌ನಲ್ಲಿ ಇನ್ನೊಬ್ಬರ ಅಂಗಿ ಹಿಡಿದು ನಿಂತವರಿಗೆ ಅದೆಂಥ ಪಾಠ ಅಂತ ಗೊತ್ತು.) ಆಮೇಲೆ ರೆಪರ್ಟರಿ ತಂಡಗಳು, ರಾಯಲ್ ಷೇಕ್ಸ್‌ಪಿಯರ್ ಕಂಪನಿ. 1985ರಲ್ಲಿ ಷೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡ್‌ನಲ್ಲಿ ಆ ಕಂಪನಿಯ ಒಂದು ನಾಟಕದಲ್ಲಿ ವಾಲ್ಮೊಂಟ್ ಅನ್ನೋ ಹೆಣ್ಣುಬಾಕನ ಪಾತ್ರ ಮಾಡಿದ. ಆ ನಾಟಕ 1987ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಕ್ಕೆ ಹೋಯಿತು, ಆತನಿಗೆ ಅಮೆರಿಕದ ದೊಡ್ಡ ರಂಗಪ್ರಶಸ್ತಿ ಟೋನಿಗೆ ನಾಮಿನೇಷನ್ ಸಿಕ್ಕಿತು. ‘ಡೈ ಹಾರ್ಡ್’ನವರ ಕಣ್ಣಿಗೆ ಬಿದ್ದಿದ್ದೇ ಅಲ್ಲಿ. ಅದೇ ಕತೆ ಸಿನಿಮಾ ಆದಾಗ ವಾಲ್ಮೊಂಟ್ ಪಾತ್ರ ಜಾನ್ ಮಾಲ್ಕೊವಿಚ್ ಪಾಲಾಯಿತು. ಇದನ್ನು ಯಾವ ರೀಲೂ ಹೇಳಲ್ಲ.

‘ಡೈ ಹಾರ್ಡ್’ನಲ್ಲಿ ಆತನದು ಖಳನ ಪಾತ್ರ. ಆ ಖಳನಿಗೆ ಸೂಟ್ ಹಾಕಿಸಿ ಅಂತ ಸೂಚಿಸಿದ್ದೂ ಆತನೇ. ಮೊದಲ ಸಿನಿಮಾದಲ್ಲೇ! ಹಿರಿಯರಿಗೆ ಬಟ್ಟೆ ತೊಡಿಸಿದವನಿಗೆ ಇದು ಹೊಳೆಯದೆ ಇನ್ಯಾರಿಗೆ ಹೊಳೆಯಬೇಕು?

‘ಸಿನಿಮಾ ಇಲ್ಲದಿದ್ದರೆ ನಿನಗೆ ಆತ ಗೊತ್ತಾಗುತ್ತಿದ್ದನಾ?’ ಅಂತ ಗೆಳೆಯ ಕೇಳಿದ. ಇಲ್ಲಪ್ಪ. ನನಗೂ ಮೊದಲು ಸಿಕ್ಕಿದ್ದು ಹ್ಯಾರಿ ಪಾಟರ್‌ನ ಸ್ನೇಪ್ ಮೇಷ್ಟ್ರೇ. ಅದಕ್ಕೆ? ಸ್ಟ್ರಾಟ್‌ಫರ್ಡ್‌ನಲ್ಲಿ ಟಿಕೆಟ್ ತಗೊಂಡು ಕೂತವರು ಜನ ಅಲ್ವಾ? ಹ್ಯಾರಿ ಪಾಟರ್ ಮುಗಿದ 2011ರಲ್ಲೇ ಆತ ಮತ್ತೆ ಬ್ರಾಡ್‌ವೇಯಲ್ಲಿ ನಾಟಕ ಆಡಿದ. ರಂಗ ಬರೀ ವೇಯ್ಟಿಂಗ್ ರೂಮ್ ಆಗಿದ್ದರೆ, ರೈಲು ಹತ್ತಿದವನು ಯಾಕೆ ವಾಪಸ್ ಬಂದು ಕೂರುತ್ತಾನೆ?

ಸರಿ, ಸಿಟ್ಟಿನ ಅಸಲಿ ಕಾರಣ ಹೇಳಿಬಿಡುತ್ತೇನೆ. ಹದಿನೈದು ವರ್ಷದಿಂದ ಹವ್ಯಾಸಿ ತಂಡದಲ್ಲಿ ಬಣ್ಣ ಹಚ್ಚುತ್ತಿದ್ದೇನೆ. ಪ್ರತಿ ಮದುವೆ ಮನೆಯಲ್ಲೂ ಒಂದೇ ಪ್ರಶ್ನೆ: ‘ಸೀರಿಯಲ್‌ನಲ್ಲಿ ಯಾವಾಗ ಬರ್ತೀಯಾ?’ ಮೊನ್ನೆ ಕೇಳಿದ್ದು ಇದೇ ಚಿಕ್ಕಪ್ಪ. ‘ಭಾನುವಾರ ನಮ್ಮ ನಾಟಕ ಇದೆ, ಬನ್ನಿ’ ಅಂದೆ.

‘ಅದಿರಲಿ ಬಿಡೋ’ ಅಂದರು.