ಮರದಿಂದ ಬಿದ್ರೆ ಪರಿಹಾರ ಸಾಕಾ, ಕೋರ್ಟಿಗೂ ಹೋಗ್ಬೇಕಾ?

ಕೆಲಸದಲ್ಲಿ ಪೆಟ್ಟಾದೋರು ಕಾಯ್ದೆ ಪ್ರಕಾರ ಪರಿಹಾರಕ್ಕೆ ಅರ್ಜಿ ಹಾಕಿದ್ರೆ ಮಾಲೀಕರ ಮೇಲೆ ಬೇರೆ ಸಿವಿಲ್ ದಾವೆ ಹೂಡೋ ಹಾಗಿಲ್ಲ. ಇದು ಸರಿನಾ?

ಪರ

ಸರಿ. ನೂರಕ್ಕೆ ನೂರು ಸರಿ.

2016ರ ಮುಂಗಾರಲ್ಲಿ ನಮ್ಮಪ್ಪ ಆಲ್ದೂರು ಹತ್ರ ಒಂದು ತೋಟದಲ್ಲಿ ಮರಗಸಿ, ಅಂದ್ರೆ ನೆರಳು ಮರದ ಕೊಂಬೆ ಕಡಿಯೋ ಕೆಲಸ, ಮಾಡ್ತಾ ಸಿಲ್ವರ್ ಓಕಿಂದ ಬಿದ್ರು. ಸೊಂಟದ ಕೆಳಗೆ ಸ್ವಾಧೀನ ಹೋಯ್ತು, ಆಗ ಅವರಿಗೆ ನಲವತ್ತು. ಆಸ್ಪತ್ರೆಗೆ ಬಂದ ತೋಟದ ರೈಟರ್ (ಲೆಕ್ಕ ಬರೆಯೋರು) ಮೊದಲು ಕೇಳಿದ್ದು ಪೆಟ್ಟೆಲ್ಲಾಯ್ತು ಅಂತಲ್ಲ, "ಬೆಳಿಗ್ಗೆ ಎಣ್ಣೆ ಹಾಕ್ಕೊಂಡಿದ್ನಾ" ಅಂತ. ಹಾಕ್ಕೊಂಡಿದ್ರು, ಸುಳ್ಳು ಯಾಕೆ ಹೇಳ್ಲಿ, ಆ ಚಳಿಲಿ ಯಾರು ಹಾಕ್ಕೊಳಲ್ಲ. ಸಿವಿಲ್ ಕೋರ್ಟಲ್ಲಿ ಆ ಒಂದು ಮಾತೇ ನಮ್ಮನ್ನ ಮುಗಿಸ್ತಿತ್ತು. ಆದ್ರೆ ಆಗಿದ್ದ 1923ರ ಕಾರ್ಮಿಕರ ಪರಿಹಾರ ಕಾಯ್ದೆಲಿ ತಪ್ಪು ಯಾರದು ಅಂತ ನಾವು ಪ್ರೂವ್ ಮಾಡ್ಬೇಕಿರ್ಲಿಲ್ಲ, ಕೆಲಸದ ಹೊತ್ತಲ್ಲಿ ಕೆಲಸದಿಂದಾನೇ ಆಯ್ತು ಅಂದ್ರೆ ಸಾಕಿತ್ತು. ಕುಡಿದಿದ್ರೆ ಕೊಡ್ಬೇಕಿಲ್ಲ ಅಂತ ಒಂದು ಕಲಂ ಇತ್ತು, ಆದ್ರೆ ಸತ್ತಾಗ ಅಥವಾ ಕಾಯಂ ಆಗಿ ಪೂರ್ತಿ ಕೈಲಾಗದ ಹಾಗೆ ಆದಾಗ ಆ ನೆಪ ನಡೀತಿರ್ಲಿಲ್ಲ. ಇದು ಗೊತ್ತಾದ ದಿನ ಅಮ್ಮ ಅತ್ತಿದ್ದು ನೋಡ್ಬೇಕಿತ್ತು.

ಲೆಕ್ಕ ಇಷ್ಟೇ. ತಿಂಗಳ ಕೂಲಿಯ ನೂರಕ್ಕೆ 60, ಅದನ್ನ ವಯಸ್ಸಿನ ಫ್ಯಾಕ್ಟರಿಂದ ಗುಣಿಸೋದು, ನಲವತ್ತಕ್ಕೆ 184.17. ಕೂಲಿ ಎಷ್ಟಿದ್ರೂ ಆಗ 8,000ದ ಮೇಲೆ ಹಿಡೀತಿರ್ಲಿಲ್ಲ. ಬಂದಿದ್ದು 8,84,016 ರೂಪಾಯಿ. ಕೊನೇ ಹದಿನಾರು ರೂಪಾಯಿನೂ ನೆನಪಿದೆ ನಂಗೆ. ತಡ ಮಾಡಿದ್ದಕ್ಕೆ ವರ್ಷಕ್ಕೆ ನೂರಕ್ಕೆ 12 ಬಡ್ಡಿ ಬೇರೆ. ಎರಡು ಹಸು ಬಂತು, ಬಚ್ಚಲು ಬಾಗ್ಲು ವೀಲ್‌ಚೇರ್ ಹೋಗೋ ಹಾಗೆ ಅಗಲ ಆಯ್ತು.

ಸಿವಿಲ್ ದಾವೆ ಅಂದ್ರೆ ಏನು ಅಂತ ನಮ್ಮೂರೋರಿಗೆ ಹೇಳ್ಬೇಕಾ? ಅಜ್ಜ ಹಾಕಿದ ಬದು ಜಗಳಕ್ಕೆ ಮೊಮ್ಮಗ ವಾಯ್ದೆಗೆ ಹೋಗ್ತಾನೆ. 8,000 ಕಡಿಮೆ ಆಯ್ತಲ್ವಾ ಅಂತ ಕೇಳ್ತೀರಾ, 2020ರಲ್ಲಿ 15,000 ಮಾಡಿದ್ದಾರಲ್ಲ, ಬಿಡಿ. ಕೋರ್ಟಿಗೆ ಹೋಗಿ ಅನ್ನೋರು ಯಾರು ನೋಡಿ, ಕರಿಕೋಟು ಹಾಕ್ಕೊಂಡೇ ಬಂದಿರ್ತಾರೆ.

ವಿರೋಧ

ನಂದು ಮೂಡಿಗೆರೆ ಕಡೆ ಎಂಟೆಕರೆ ತೋಟ. ವಿರೋಧ ಬರೆಯೋಕೆ ಯಾರೂ ಸಿಗ್ಲಿಲ್ಲ ಅಂತ ನನ್ನ ತಲೆಗೆ ಕಟ್ಟಿದ್ದಾರೆ, ಮಾಲೀಕನೇ ಮಾಲೀಕರ ಮೇಲೆ ಕೇಸ್ ಹಾಕಿ ಅಂತ ಬರೀಬೇಕು, ಮನೇಲಿ ನಗ್ತಿದ್ದಾರೆ.

ಕಾಯ್ದೆ ಎರಡರಲ್ಲಿ ಒಂದು ಆರಿಸ್ಕೋ ಅನ್ನುತ್ತೆ, ಕಾರ್ಮಿಕ ಪರಿಹಾರದ ಕಮಿಷನರ್ ಹತ್ರ ಅರ್ಜಿ ಇಲ್ಲಾ ಸಿವಿಲ್ ದಾವೆ. ಮಂಚದ ಮೇಲೆ ಮಲಗಿರೋನು ಏನು ಆರಿಸ್ತಾನೆ? ಹಾಸನದ ಗಾರ್ಮೆಂಟ್ಸಲ್ಲಿ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಇರೋರಿಗೆ ಅದೂ ಇಲ್ಲ, ಕಾಯ್ದೆ ಬಾಗ್ಲೇ ಹಾಕಿಬಿಟ್ಟಿದೆ. ಮರ ಹತ್ತೋರು ಈಗ ದಿನಕ್ಕೆ ಸಾವಿರ ಕೇಳ್ತಾರೆ, 26 ದಿನಕ್ಕೆ 26,000 ಆಯ್ತು, ಪರಿಹಾರದ ಲೆಕ್ಕಕ್ಕೆ 15,000 ಅಷ್ಟೇ. ನೋವಿಗೆ ಅಂತ ಕಾಸಿಲ್ಲ. ಇದಿಷ್ಟು ನಾನು ಬರೀಬೇಕಿದ್ದ ಪಾಯಿಂಟು. ನಿಜ ಹೇಳ್ಬೇಕಂದ್ರೆ ಕೇಸು ಅಂದ್ರೆ ನಂಗೂ ಭಯಾನೇ, ಒಂದು ದಾವೆಗೆ ಎಂಟೆಕರೆನೂ ಹೋಗುತ್ತೆ.

ಆದ್ರೆ ಏಣಿ ವಿಷಯ ಒಂದಿದೆ. ಮೂರು ವರ್ಷದ ಹಿಂದೆ ಮೆಣಸು ಕೊಯ್ಲಿಗೆ ಅಲ್ಯೂಮಿನಿಯಂ ಏಣಿ ತಂದೆ, ಹಗುರ, ಒಬ್ಬನೇ ಹೊತ್ಕೊಂಡು ಹೋಗ್ಬಹುದು. ತೋಟದ ಮಧ್ಯೆ ಕರೆಂಟ್ ಲೈನ್ ಹೋಗಿದೆ ಅಂತ ನಂಗೆ ಗೊತ್ತಿಲ್ವಾ, ಗೊತ್ತಿತ್ತು. ಮೇಸ್ತ್ರಿನೂ "ಅಣ್ಣ ಇದು ಬೇಡ, ಎತ್ತೋವಾಗ ತಂತಿಗೆ ತಗಲುತ್ತೆ, ಬಿದಿರಿಂದೇ ಇರ್ಲಿ" ಅಂದ. ಅದಕ್ಕೆ ನಾನು "ಇನ್ಶೂರೆನ್ಸ್ ಕಟ್ಟಿದೀನಿ ಬಿಡೋ ಮಾರಾಯ" ಅಂದೆ. ಆ ಮಾತು ಬಾಯಿಂದ ಹೇಗೆ ಬಂತೋ. ಮಾರನೇ ವಾರ ಒಬ್ಬ ಹುಡುಗ ಏಣಿ ನೆಟ್ಟಗೆ ಹಿಡ್ಕೊಂಡೇ ಮುಂದಿನ ಮರಕ್ಕೆ ಹೋಗ್ತಿದ್ದ, ತುದಿಗೂ ತಂತಿಗೂ ಒಂದು ಮೊಳ ಇತ್ತೋ ಇಲ್ವೋ, ಮೇಸ್ತ್ರಿ ಕಿರುಚಿದ ಹೊಡೆತಕ್ಕೆ ಕೈಬಿಟ್ಟ, ಏಣಿ ಕಾಫಿ ಗಿಡದ ಮೇಲೆ ಬಿತ್ತು. ಹುಡುಗ ನಗ್ತಿದ್ದ. ನಂಗೆ ಕಾಲು ನಿಲ್ಲಲಿಲ್ಲ.

ಅವನು ಸತ್ತಿದ್ರೆ ದುಡ್ಡು ಇನ್ಶೂರೆನ್ಸೋರು ಕೊಡ್ತಿದ್ರು, ನನ್ನ ಜೇಬಿಂದ ಪ್ರೀಮಿಯಂ ಅಷ್ಟೇ. ಮೇಸ್ತ್ರಿ ಬೇಡ ಅಂದಿದ್ನಲ್ಲಾ ಯಾಕೆ ಕೇಳ್ಲಿಲ್ಲ ಅಂತ ಕಟಕಟೇಲಿ ನಿಲ್ಲಿಸಿ ಕೇಳ್ತಾರೆ ಅಂತಿದ್ದಿದ್ರೆ ನಾನು ಆ ಏಣಿ ತರ್ತಿದ್ನಾ? ಪರ ಬರೆದ ಹುಡುಗ ತಪ್ಪು ಯಾರದು ಅಂತ ಕೇಳದೇ ಇರೋದೇ ಒಳ್ಳೇದು ಅಂತಾನೆ. ಅವರಪ್ಪಂಗೆ ಸೊಂಟಕ್ಕೆ ಬೆಲ್ಟ್ ಕೊಟ್ಟಿದ್ರಾ ಅಂತಾನೂ ಯಾರೂ ಕೇಳಿರಲ್ಲ.

ಏಣಿ ಈಗ ಕಣದ ಪಕ್ಕ ಬಿದ್ದಿದೆ. ಮಾರಿಬಿಡಿ ಅಂತಾರೆ ಮನೇಲಿ. ತಗೊಂಡೋರ ತೋಟದಲ್ಲೂ ಲೈನ್ ಇರುತ್ತಲ್ಲ.